‘ಬತ್ತೀನಿ’ ಎಂದು ಹೊರಟವಳು

ನಮ್ಮ ಕಡೆಯವರು ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ. ಪಕ್ಕದ ಬೀದಿಯ ಮಿಲ್ಲಿಗೆ ರಾಗಿ ಹೊತ್ತವರೂ ‘ಬತ್ತೀನಿ’ ಅಂದೇ ಹೊಸ್ತಿಲು ದಾಟುತ್ತಾರೆ. ಹೋಗುವುದು ಅಂದರೆ ತಿರುಗಿ ಬಾರದ ಕಡೆಗೆ ಹೋಗುವುದು ಅಂತ ನನ್ನಜ್ಜಿಯ ತೀರ್ಮಾನ. ಚಿಕ್ಕಂದಿನಲ್ಲಿ ‘ಇಸ್ಕೂಲಿಗೆ ಓಗ್ತೀನಿ’ ಅಂದದ್ದಕ್ಕೆ ಅವಳು ತಲೆಗೆ ಮೊಟಕಿದ್ದು ಇನ್ನೂ ನೆನಪಿದೆ. ಆ ಮೊಟಕು ಸಮುದ್ರದಾಚೆಗೂ ನನ್ನ ಹಿಂದೆಯೇ ಬರುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ.

ಹಂಗಳದಲ್ಲಿ ಹುಟ್ಟಿ, ಚಾಮರಾಜನಗರದಲ್ಲಿ ಬಿ.ಎಸ್ಸಿ. ಮುಗಿಸಿದ ನಾನು ಕಡಲ ವಿಜ್ಞಾನ ಓದುತ್ತೇನೆ ಅಂದಾಗ ಮನೆಯಲ್ಲಿ ನಗುವೋ ನಗು. ನಮ್ಮೂರಿಗೆ ಆನೆ ಗೊತ್ತು, ಚಿರತೆ ಗೊತ್ತು. ಕಡಲು ಅಂದರೆ ಕೇರಳದ ಮೀನಿನ ಲಾರಿ ಬಿಟ್ಟು ಹೋಗುವ ವಾಸನೆ, ಅಷ್ಟೇ. ಹಟ ಹಿಡಿದೆ. ಸ್ಕಾಲರ್‌ಶಿಪ್ಪೂ ಸಿಕ್ಕಿತು. ಇಂಡೋನೇಷ್ಯಾದ ಒಂದು ಪುಟ್ಟ ದ್ವೀಪದಲ್ಲಿ, ನೀರು ಇಳಿದ ಹೊತ್ತಿಗೆ ದೋಣಿಯಲ್ಲಿ ಹೋಗಿ ಕಡಲ ತಳದ ಹುಲ್ಲು ಅಳೆಯುವುದು ನನ್ನ ಕೆಲಸ. “ಉಲ್ಲು ಅಳ್ಯಕ್ಕೆ ಅಷ್ಟು ದೂರ ಓಗ್ಬೇಕಾ? ನಮ್ಮೊಲದ ತುಂಬ ಗರಿಕೆ ಅದೆ ಕಣಮ್ಮಿ” ಅಂದರು ಅಪ್ಪ.

ಅಲ್ಲಿ ಊರವರ ಮನೆಯಲ್ಲೇ ಇದ್ದು ಅವರ ಭಾಷೆ, ಬದುಕು ಕಲಿಯಬೇಕೆಂಬುದು ನಿಯಮ. ನನಗೆ ಸಿಕ್ಕ ಮನೆಯೊಡತಿಯ ಹೆಸರು ಸೀತಿ. ನಾನು ಸೀತಕ್ಕ ಅಂದೆ. ಫೋನಿನಲ್ಲಿ ಇದನ್ನು ಕೇಳಿದ ಅಜ್ಜಿ, “ಸಮುದ್ರದಾಚೆ ಸೀತಮ್ಮ ಅವ್ಳೆ ಅಂದ್ರೆ ಅದು ಲಂಕೆ ಕಣಮ್ಮಿ, ಉಸಾರು!” ಅಂದಳು. ಸೀತಕ್ಕನ ಗಂಡನೇ ನನ್ನ ದೋಣಿಯವನು.

ಆ ಭಾಷೆಯಲ್ಲಿ ನಾನು ಮೊದಲು ಕಲಿತದ್ದೇ ‘ಬರ್ತೀನಿ’ ಎಂಬ ಮಾತು. ಬೆಳಿಗ್ಗೆ ಹೊರಡುವಾಗ ಸೀತಕ್ಕನಿಗೆ ಗಟ್ಟಿಯಾಗಿ ಹೇಳುತ್ತಿದ್ದೆ. ಅವಳು ಪಾಪ, ಈಗಲೇ ಬರುತ್ತಾಳೆ ಅಂತ ತಟ್ಟೆ ಮುಚ್ಚಿಟ್ಟು ಹಸಿದು ಕೂರುತ್ತಿದ್ದಳಂತೆ. ಒಂದು ಸಂಜೆ ದೋಣಿ ಇಳಿದು ಅವಳ ಗಂಡನಿಗೂ ಹಾಗೇ ಹೇಳಿ ಮನೆಗೆ ಬಂದು, ಸ್ನಾನ ಮಾಡಿ ಉಂಡೆ. ಇವಳು ಏನೋ ತರಲು ಹೋದಳು ಅಂತ ಆತ ದೋಣಿಯಲ್ಲೇ ಕಾದ. ಕಾಯುತ್ತಿದ್ದ ಹಾಗೇ ನೀರು ಇಳಿದು ದೋಣಿ ಕೆಸರಿನಲ್ಲಿ ಕೂತುಬಿಟ್ಟಿತು. ಮೊಣಕಾಲುದ್ದ ಕೆಸರು ಮೆತ್ತಿಕೊಂಡು ಬಂದವನು, “ಬರೋದು ಯಾವುದು, ಹೋಗೋದು ಯಾವುದು ಅಂತ ಗೊತ್ತಿಲ್ಲದವಳನ್ನ ದೋಣಿ ಹತ್ತಿಸಲ್ಲ” ಅಂದ. ಅವನ ಸಿಟ್ಟು ನ್ಯಾಯವೇ. ಆದರೆ ದೋಣಿಯಿಲ್ಲದಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಡಿಗ್ರಿಯಿಲ್ಲ.

‘ಹೋಗ್ತೀನಿ’ ಅಂದರಾಯಿತು, ಅಷ್ಟೇ ತಾನೆ? ಅಯ್ಯೋ, ನಾಲಿಗೆಯೇ ಹೊರಳದು! ಬಾಯಿ ತೆರೆದರೆ ಅಜ್ಜಿಯ ಗೆಣ್ಣು ನೆತ್ತಿಯ ಮೇಲೆ. ಹಾಗಂತ ಬರಿಗೈಲಿ ವಾಪಸ್ ಹೋಗಿ ಗರಿಕೆ ಅಳೆಯಲೇ? ಸಾಧ್ಯವೇ ಇಲ್ಲ. ಹಿತ್ತಲ ಕೋಳಿಗಳ ಮುಂದೆ ನಿಂತು ‘ಹೋಗ್ತೀನಿ, ಹೋಗ್ತೀನಿ’ ಅಂತ ಅಭ್ಯಾಸ ಮಾಡಿದೆ. ಮರುದಿನ ಸೀತಕ್ಕನ ಮುಂದೆಯೂ, ಅವಳ ಗಂಡನ ಮುಂದೆಯೂ ಹೇಳಿಯೇಬಿಟ್ಟೆ. ಅಜ್ಜಿಯ ಪಾಲಿಗಿರಲಿ ಅಂತ ಹಿಂದೆಯೇ ಒಂದು ‘ಬತ್ತೀನಿ’ಯನ್ನು ಬಾಯೊಳಗೇ ಗೊಣಗಿಕೊಂಡೆ. ದೋಣಿ ಹೊರಟಿತು. ಆ ವರ್ಷದ ಹುಲ್ಲೆಲ್ಲ ಅಳೆದು ಮುಗಿಸಿದೆ.

ದ್ವೀಪ ಬಿಡುವ ದಿನ ಸೊಗಸಾಗಿ ‘ಹೋಗ್ತೀನಿ’ ಅಂದೆ. ಅಜ್ಜಿಯ ಮೊಟಕಿನ ಕಥೆಯನ್ನು ನನ್ನಿಂದಲೇ ಕೇಳಿದ್ದ ಸೀತಕ್ಕ ನನ್ನ ಕೈ ಹಿಡಿದುಕೊಂಡು, “ಇವತ್ತು ಬೇಡ, ನಿಮ್ಮೂರಿನ ಥರಾನೇ ಹೇಳು” ಅಂದಳು. ಅಳು ಬಂದುಬಿಟ್ಟಿತು.

ಮೊನ್ನೆ ರಜೆ ಮುಗಿಸಿ ಮತ್ತೆ ಅಲ್ಲಿಗೇ ಹೊರಟೆ. ಗುಂಡ್ಲುಪೇಟೆಯ ಬಸ್ಸಿಗೆ ಬಿಡಲು ಅಪ್ಪ ಬೈಕ್ ಸ್ಟಾರ್ಟ್ ಮಾಡಿದ್ದರು. ಹೊಸ್ತಿಲಲ್ಲಿ ನಿಂತು, ಕೋಳಿಗಳ ಮುಂದೆ ಕಲಿತ ಧಾಟಿಯಲ್ಲೇ, “ಓಗ್ತೀನಿ ಕಣವ್ವ” ಅಂದುಬಿಟ್ಟೆ. ಅವ್ವನ ಮುಖ ಬಿಳುಚಿಕೊಂಡಿತು. “ಥೂ, ಬುಡ್ತು ಅನ್ನಮ್ಮಿ!” ಅಂತ ಒಳಗೆಳೆದು ಕೂರಿಸಿ ನೀರು ಕುಡಿಸಿದಳು. ಆದ ತಪ್ಪಿಗೆ ಅವ್ವನಿಗೊಂದು, ಅಜ್ಜಿಗೊಂದು, ಕೊಟ್ಟಿಗೆಯ ಹಸುವಿಗೊಂದು ‘ಬತ್ತೀನಿ’ ಹೇಳುತ್ತಾ ನಿಂತೆ. ಅಜ್ಜಿಗೆ ರೇಗಿತು. “ಎಷ್ಟು ಸಲ ಬತ್ತೀಯಮ್ಮಿ? ಬಸ್ಸು ಒಂಟೋಯ್ತದೆ, ಓಗತ್ಲಾಗಿ!” ಅಂದವಳೇ ಬಾಯಿಗೆ ಸೆರಗು ಅಡ್ಡ ಹಿಡಿದಳು.

“ಬುಡ್ತು ಅನ್ನಜ್ಜಿ” ಅಂದೆ.

ಮತ್ತೆ ಒಳಗೆ ಕೂತು ನೀರು ಕುಡಿದೆವು, ಈ ಸಲ ಇಬ್ಬರೂ. ಗುಂಡ್ಲುಪೇಟೆ ತಲುಪಿದರೆ, ಬಸ್ಸು ‘ಬತ್ತೀನಿ’ ಅಂತ ಒಂದು ಮಾತೂ ಹೇಳದೆ ಹೋಗಿತ್ತು.