ಮಾವನಿಗೊಂದು ಬದಲಿ

ಇನ್ನು ನನ್ನನ್ನು ಹಿಡಿಯುವವರಿಲ್ಲ ಎಂದು ಆ ಶನಿವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನನಗೆ ನಾನೇ ಹೇಳಿಕೊಂಡೆ. ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ನಿನ್ನೆ ಮೊನ್ನೆ ಸೇರಿದವರೆಲ್ಲ ಹೊಸ ಫ್ರೇಮ್‌ವರ್ಕಿನ ಮಾತೆತ್ತಿದರೆ ಸಾಕು, ನಾನು ಕಾಫಿಯ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಎಷ್ಟು ಅಂತ ಕಾಫಿ ಕುಡಿಯುವುದು? ಹೊಟ್ಟೆಯೂ ಕೆಟ್ಟಿತು, ಮರ್ಯಾದೆಯೂ ಕೆಟ್ಟಿತು! ಕೊನೆಗೆ ತಲೆದಿಂಬಿನ ಗಾತ್ರದ ಪುಸ್ತಕವೊಂದನ್ನು ತಂದೇ ಬಿಟ್ಟೆ. ಒಂದು ದೊಡ್ಡ ಕೆಲಸವನ್ನು ಹತ್ತಾರು ಪುಟ್ಟ ಪ್ರೋಗ್ರಾಮುಗಳಿಗೆ ಹಂಚಿ, ಅವು ನೆಟ್‌ವರ್ಕಿನಲ್ಲಿ ಒಂದಕ್ಕೊಂದು ಮಾತಾಡಿಕೊಂಡು ಸಂಸಾರ ನಡೆಸುವಂತೆ ಮಾಡುವ ವಿದ್ಯೆ ಅದು.

ಅದೇ ದಿನ ಹೆಂಡತಿ ಕೆಲಸ ಮಾಡುವ ಲ್ಯಾಬಿನಲ್ಲಿ ತಪಾಸಣೆ, ಅವಳಿಗೆ ರಜೆ ಸಿಗಲಿಲ್ಲ. ಒಳಕೋಣೆಯಲ್ಲಿ ನಿವೃತ್ತ ಹೆಡ್‌ಮಾಸ್ಟರಾದ ನನ್ನ ಮಾವ, ಹಿಂದಿನ ದಿನವಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು ಮಲಗಿದ್ದರು. ಎರಡು ಗಂಟೆಗೊಮ್ಮೆ ಡ್ರಾಪ್ಸ್ ಹಾಕಬೇಕು, ತಪ್ಪಿದರೆ ಸೋಂಕು ತಗುಲಬಹುದು ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು.

"ರೀ, ಇದೊಂದು ದಿನ ನಿಮ್ಮನ್ನ ನಂಬಿ ಹೋಗ್ತಿದೀನಿ," ಎಂದಳು ಹೆಂಡತಿ.

"ನಿಮ್ಮಪ್ಪನ ಕಣ್ಣನ್ನ ನನ್ನ ಕಣ್ಣಿನ ಹಾಗೇ ನೋಡ್ಕೋತೀನಿ, ಹೋಗು."

"ನಿಮ್ಮ ಕಣ್ಣು ಆ ಪುಸ್ತಕದಲ್ಲಿ ನೆಟ್ಟಿರುತ್ತೆ. ಅದಕ್ಕೇ ಹೆದರಿಕೆ."

ಮೊದಲ ಡ್ರಾಪ್ಸನ್ನು ಹೊತ್ತಿಗೆ ಸರಿಯಾಗಿ, ಕಣ್ಣಿನ ಪಟ್ಟಿ ಸರಿಸಿ ನಾನೇ ಹಾಕಿದೆ, ಇದು ದಾಖಲಾಗಲಿ! ಆಮೇಲೆ ಪುಸ್ತಕ ತೆರೆದೆ. ಅಬ್ಬಾ, ಏನು ರೋಮಾಂಚನ! ನೆಟ್‌ವರ್ಕಿನಲ್ಲಿರುವ ಪ್ರತಿ ಪ್ರೋಗ್ರಾಮನ್ನೂ ಆಗಾಗ 'ಇದ್ದೀಯಾ?' ಎಂದು ಕೇಳಬೇಕಂತೆ. ಮೂರು ಸಲ ಕೇಳಿದರೂ ಉತ್ತರ ಬಾರದಿದ್ದರೆ ಅದು ಸತ್ತಿತೆಂದು ತಿಳಿದು, ಉಳಿದವರಿಗೆಲ್ಲ ಸುದ್ದಿ ಮುಟ್ಟಿಸಿ, ಅದರ ಜಾಗಕ್ಕೆ ಬದಲಿಯನ್ನು ಎಬ್ಬಿಸಬೇಕಂತೆ. ಖುಷಿ ತಡೆಯಲಾರದೆ ಒಳಗೆ ಓಡಿ, ಆ ಪುಟವನ್ನು ಮಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಕಣ್ಣಿನ ಪಟ್ಟಿಯ ಕೆಳಗಿಂದಲೇ, ಶಿಸ್ತು ಅಂದರೆ ಇದು ಎಂದು ಮೆಚ್ಚಿಕೊಂಡರು.

ಆಗ ಹೊಳೆಯಿತು ನೋಡಿ! ಮಾವನನ್ನೇ ಯಾಕೆ ನೆಟ್‌ವರ್ಕಿಗೆ ಸೇರಿಸಬಾರದು? ನಾನು ಎರಡು ಗಂಟೆಗೊಮ್ಮೆ ಗಡಿಯಾರ ನೋಡಿ, ಎದ್ದು, ನಡೆದು ಹೋಗುವುದೆಲ್ಲ ಹಳೇ ಕಾಲದ ಪದ್ಧತಿ. ಹೊತ್ತಾದಾಗ ನನ್ನ ಪ್ರೋಗ್ರಾಮು ಅವರ ಮೊಬೈಲಿಗೆ 'ಇದ್ದೀರಾ?' ಎಂದು ಕೇಳುತ್ತದೆ. ಅವರು ಗುಂಡಿ ಒತ್ತಿದರೆ ನನ್ನ ಕಂಪ್ಯೂಟರಿನಲ್ಲಿ ಗಂಟೆ ಬಡಿಯುತ್ತದೆ. ಆಗ ನಾನು ಹೋಗಿ ಡ್ರಾಪ್ಸ್ ಹಾಕಿದರಾಯಿತು. ಪುಸ್ತಕದ ಮಾದರಿಯನ್ನು ಹಾಗೇ ಇಳಿಸಿಕೊಂಡೆ. ಹೆಸರಿನ ಜಾಗದಲ್ಲಿ 'ಮಾವ' ಎಂದು ತುಂಬಿದೆ. 'ಉಳಿದವರು' ಎಂಬಲ್ಲಿ ಮನೆಮಂದಿಯ ವಾಟ್ಸಾಪ್ ಗುಂಪನ್ನು ಜೋಡಿಸಿದೆ. ಅವರಿಗೆ ಅರ್ಥವಾಗಲೆಂದು ಪುಸ್ತಕದ ಇಂಗ್ಲಿಷ್ ವಾಕ್ಯಗಳನ್ನು ಚೊಕ್ಕವಾಗಿ ಕನ್ನಡಕ್ಕೂ ತಿರುಗಿಸಿದೆ. ಪ್ರೋಗ್ರಾಮು ಓಡಿತು! ಒಂದೇ ಏಟಿಗೆ ಓಡಿತು! ನಾನು ಕುರ್ಚಿಯ ಸುತ್ತ ಎರಡು ಸುತ್ತು ಕುಣಿದೆ.

ಮೊಬೈಲನ್ನು ಮಾವನ ದಿಂಬಿನ ಪಕ್ಕ ಇಟ್ಟು, ಟಿಣ್ ಎಂದಾಗ ಹಸಿರು ಗುಂಡಿ ಒತ್ತಿ ಎಂದೆ. ಅವರು ನಿದ್ದೆಗಣ್ಣಿನಲ್ಲಿ ಹ್ಞೂಂಗುಟ್ಟಿದರು. ನಾನು ಕಿವಿಗೆ ಹೆಡ್‌ಫೋನ್ ಏರಿಸಿ, ಹಾಡು ಹಾಕಿಕೊಂಡು, ಮುಂದಿನ ಅಧ್ಯಾಯದಲ್ಲಿ ಮುಳುಗಿಹೋದೆ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಮೊದಲೇ ಮಂಜು, ಸಾಲದ್ದಕ್ಕೆ ಮೊಬೈಲ್ ಮುಟ್ಟಕೂಡದೆಂದು ಡಾಕ್ಟರ ಆಜ್ಞೆ. ಇಂಥವರಿಗೆ ಹಸಿರು ಗುಂಡಿ ಹೇಗೆ ಕಂಡೀತು ಎಂಬ ಪ್ರಶ್ನೆಗೆ ಪುಸ್ತಕದಲ್ಲಿ ಅಧ್ಯಾಯವಿರಲಿಲ್ಲ.

ಎಷ್ಟು ಹಾಡು ಮುಗಿದವೋ, ಎಷ್ಟು ಹೊತ್ತಾಯಿತೋ, ಮುಂಬಾಗಿಲು ಧಡಾರನೆ ತೆರೆಯಿತು. ಹೆಂಡತಿಯ ಚಿಕ್ಕಮ್ಮ, ಹಿಂದೆ ಭಾವ, ಅವರ ಹಿಂದೆ ಏದುಸಿರು ಬಿಡುತ್ತ ನನ್ನ ಷಡ್ಡಕ! ನನ್ನ ಸಾಧನೆಯ ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ನಾನು ವಿನಯದಿಂದ ಎದ್ದು ನಿಂತೆ. ಯಾರೂ ನನ್ನತ್ತ ತಿರುಗಿಯೂ ನೋಡಲಿಲ್ಲ. ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದರು. ಷಡ್ಡಕ ತನ್ನ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದ. ಅದರಲ್ಲಿ ನನ್ನದೇ ಚೊಕ್ಕ ಕನ್ನಡ:

'ಮಾವ ಸತ್ತಿದೆ. ಬದಲಿ ಸಿದ್ಧವಾಗುತ್ತಿದೆ. ಯಾರೂ ಗಾಬರಿಯಾಗಬೇಕಾಗಿಲ್ಲ.'

ನಾನು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆಸೆದೆ. ಷಡ್ಡಕ ದನಿ ತಗ್ಗಿಸಿ, "ಅಲ್ಲಯ್ಯಾ, ಬದಲಿ ಯಾರು?" ಎಂದು ಕೇಳಿದ. ಅವನ ದುಃಖಕ್ಕಿಂತ ಕುತೂಹಲವೇ ಒಂದು ತೂಕ ಹೆಚ್ಚಿತ್ತು.

ಒಳಗೆ ಹೋದರೆ, ಮಾವ ತಲೆ ಹಿಂದಕ್ಕೆ ಚೆಲ್ಲಿ, ಕಣ್ಣು ಮುಚ್ಚಿ, ಅಲ್ಲಾಡದೆ ಮಲಗಿದ್ದಾರೆ. ಅವರ ಮೇಲೆ ಬಾಗಿ ಪಕ್ಕದ ಮನೆಯ ಬಸ್ ಕಂಡಕ್ಟರ್ ನಿಂತಿದ್ದಾರೆ. ಆ ನೋಟ ಕಂಡು ಚಿಕ್ಕಮ್ಮ ಬಾಗಿಲ ಚೌಕಟ್ಟಿಗೆ ಒರಗಿ ಹೋ ಎಂದು ಅಳುತ್ತಿದ್ದರು. ಭಾವನೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಯಾರು ಹೋದ್ರು?" ಎಂದು ಮಾವ ಮಲಗಿದ್ದಲ್ಲಿಂದಲೇ ವಿಚಾರಿಸಿದರು.

ಚಿಕ್ಕಮ್ಮನ ಅಳು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಹೆಂಡತಿ ಬಂದಳು, ಲ್ಯಾಬಿನ ಬಿಳಿ ಕೋಟಿನಲ್ಲೇ, ಮುಖವೂ ಅಷ್ಟೇ ಬಿಳಿ. ನನ್ನ ಮೊಬೈಲಿಗೆ ದಾರಿಯುದ್ದಕ್ಕೂ ಫೋನು ಮಾಡುತ್ತ ಬಂದಿದ್ದಳಂತೆ. ಅಪ್ಪ ಉಸಿರಾಡುತ್ತಿರುವುದನ್ನು ಕಂಡು ಅವಳು ಗೋಡೆ ಹಿಡಿದುಕೊಂಡು ಒಂದು ಗಳಿಗೆ ನಿಂತಳು. ನನಗೆ ಆಗ ನಿಜವಾಗಿ ನಾಚಿಕೆಯಾಯಿತು. ಇದು ತಂತ್ರಾಂಶದ ಒಂದು ಸಣ್ಣ ಎಡವಟ್ಟು, ಮೂಲ ವಿನ್ಯಾಸ ಅದ್ಭುತವಾಗಿದೆ ಎಂದು ವಿವರಿಸಲು ಹೊರಟೆ. ಅವಳು ನನ್ನ ಮಾತನ್ನು ಕೈಯೆತ್ತಿ ತಡೆದಳು.

"ಡ್ರಾಪ್ಸ್ ಹಾಕಿದ್ರಾ?"

ನಾನು ಗಡಿಯಾರ ನೋಡಿದೆ, ನೆಲ ನೋಡಿದೆ, ಕೊನೆಗೆ ಷಡ್ಡಕನ ಮುಖ ನೋಡಿದೆ.

"ಹೊತ್ತಿಗೆ ಸರಿಯಾಗಿ ಬಿತ್ತಮ್ಮ," ಎಂದರು ಮಾವ, ಮುಚ್ಚಿದ ಕಣ್ಣು ತೆರೆಯದೆ. "ಅಳಿಯಂದ್ರನ್ನ ಮೂರು ಸಲ ಕೂಗಿದೆ, ಉತ್ತರ ಬರಲಿಲ್ಲ. ಅವರ ಪುಸ್ತಕದಲ್ಲಿ ಇರೋ ಹಾಗೇ ಮಾಡಿದೆ. ಕಿಟಕಿಯಿಂದ ಕಂಡಕ್ಟರನ್ನ ಕರೆದು, ಬದಲಿ ಹಾಕ್ಕೊಂಡೆ."