ಪಾಪು ದೊಡ್ಡವನಾದ ದಿನ

ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗಲೇ ಪಾಪುವಿನ ಫೋನು ಅವನನ್ನು ಏಕವಚನದಲ್ಲಿ ಮಾತಾಡಿಸಿತು.

ಪಾಪು ಲಿಫ್ಟ್ ರಿಪೇರಿಯವನು. ವಯಸ್ಸು ಐವತ್ತು ದಾಟಿದೆ. ಮೀಸೆ ಮೂಡದ ದುಂಡು ಕೆನ್ನೆಗಳನ್ನು ನೋಡಿ ಜೊತೆಯ ಕೆಲಸಗಾರರು ಇಟ್ಟ ಹೆಸರದು. ಮಕ್ಕಳ ರಕ್ಷಣೆಗೆಂದು ಹೊಸ ಕಾನೂನು ಬಂದಿದ್ದರಿಂದ, ಅವನು ದಿನವೂ ಪದಬಂಧ ಆಡುತ್ತಿದ್ದ ಆ್ಯಪ್ ಅವನ ಮುಖ ತೋರಿಸಲು ಹೇಳಿತು. ಬಾಯಿತುಂಬ ನೊರೆ ಇಟ್ಟುಕೊಂಡೇ ತೋರಿಸಿದ. "ನೀನಿನ್ನೂ ಚಿಕ್ಕವನು. ಮನೆಯಲ್ಲಿರುವ ದೊಡ್ಡವರನ್ನು ಕರೆ" ಎಂಬ ಉತ್ತರ ಬಂತು. ಮನೆಯಲ್ಲಿ ದೊಡ್ಡವರು, ಚಿಕ್ಕವರು ಎಲ್ಲಾ ಅವನೊಬ್ಬನೇ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ್ಯಪ್ ಅವನನ್ನು ಮಕ್ಕಳ ವಿಭಾಗಕ್ಕೆ ತಳ್ಳಿ, 'ಹಳೇ ಛತ್ರಿ'ಯ ಹೆಸರಿಗೆ ಬೀಗ ಹಾಕಿತ್ತು. ಆ ಹೆಸರಿನಲ್ಲಿ ಅವನ ಜೊತೆ ಆಡುತ್ತಿದ್ದಾಕೆ ನಿವೃತ್ತ ನರ್ಸ್ ಎಂಬುದಷ್ಟೇ ಅವನಿಗೆ ಗೊತ್ತು. ನಿಜವಾದ ಹೆಸರನ್ನು ಅವನೂ ಕೇಳಿರಲಿಲ್ಲ, ಆಕೆಯೂ ಕೇಳಿರಲಿಲ್ಲ. ಸಂಜೆ ಪದಬಂಧ ಮುಗಿದ ಮೇಲೆ ಆಕೆ "ಊಟ ಆಯ್ತಾ?" ಎಂದು ಬರೆಯುತ್ತಿದ್ದರು. ಅವನನ್ನು ಹಾಗೆ ಕೇಳುವವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ.

ಗುರುತಿನ ಚೀಟಿ ಕೊಟ್ಟು ದೊಡ್ಡವನೆಂದು ಸಾಬೀತು ಮಾಡಬೇಕು, ಇಲ್ಲವೇ ಪೋಷಕರೊಬ್ಬರ ಒಪ್ಪಿಗೆ ತರಬೇಕು. ಆಗ ಬೀಗ ತೆಗೆಯುತ್ತದಂತೆ. ಪಾಪು ಕೊರಿಯರ್ ಡಬ್ಬದ ಮೇಲಿನ ವಿಳಾಸವನ್ನೂ ಚೂರುಚೂರು ಮಾಡಿ ಎಸೆಯುವವನು. ಕಣ್ಣಿಗೆ ಕಾಣದ ಕಂಪನಿಗಿಂತ ಕೆಳಮನೆಯ ಆಂಟಿಯೇ ವಾಸಿ ಎಂದುಕೊಂಡು ಮೆಟ್ಟಿಲಿಳಿದ.

ಅವನಿಗಿಂತ ಕಿರಿಯರಾದ ಆಂಟಿ ಸಂತೋಷದಿಂದಲೇ ಅವನ ತಾಯಿಯಾಗಲು ಒಪ್ಪಿದರು. ಆದರೆ ಮಗುವಿನ ಮಾತುಕತೆಯನ್ನೆಲ್ಲ ಪೋಷಕರು ಓದಬಹುದು ಎಂಬ ಸಾಲು ಕಂಡದ್ದೇ ತಡ, ಕನ್ನಡಕ ಹುಡುಕಿದರು.

"ಹಳೇ ಛತ್ರಿ ಅಂದ್ರೆ ಯಾರು? ಗಂಡಸೋ ಹೆಂಗಸೋ? ಹಿಂದೆ ಮುಂದೆ ಯಾರಿದ್ದಾರೆ?"

"ಅದೆಲ್ಲ ನಿಮಗ್ಯಾಕೆ ಆಂಟಿ?"

"ಯಾಕೆ ಅಂದ್ರೆ? ಹೆತ್ತವರು ಕೇಳಬಾರದಾ?"

ಪಾಪು ಫೋನನ್ನು ಅವರ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಕೆಲಸಕ್ಕೆ ಹೊರಟ. ಅವನು ವರ್ಕ್‌ಶಾಪ್ ಮುಟ್ಟುವ ಮೊದಲೇ, ಆಂಟಿಯ ಫೋನ್ ಕರೆಯ ದಯೆಯಿಂದ, ಸುದ್ದಿ ಅಲ್ಲಿ ಕಾಲು ಚಾಚಿ ಕೂತಿತ್ತು.

ಮೇಸ್ತ್ರಿ ಉಪಾಯ ಹೇಳುವುದರಲ್ಲಿ ನಿಸ್ಸೀಮರು. ಲಿಫ್ಟಿನ ಗ್ರೀಸಿನಲ್ಲಿ ಬೆರಳದ್ದಿ ಪಾಪುವಿಗೆ ಪೊಗದಸ್ತಾದ ಮೀಸೆ ಬರೆದರು. "ಮೀಸೆ ಚೆನ್ನಾಗಿದೆ! ಆಟ ಸಾಕು, ಫೋನನ್ನು ಅಪ್ಪನಿಗೆ ಕೊಡು" ಎಂದಿತು ಆ್ಯಪ್. ನಕ್ಕೂ ನಕ್ಕೂ ಒಬ್ಬ ಕೈಯಲ್ಲಿದ್ದ ಸ್ಪ್ಯಾನರ್ ಕಾಲ ಮೇಲೆ ಬೀಳಿಸಿಕೊಂಡ.

ಕೊನೆಗೆ ಪಾಪು ಸೋತು ಗುರುತಿನ ಚೀಟಿ ಕಳಿಸಿದ. ಅದರಲ್ಲಿದ್ದ ಹಳೇ ಫೋಟೋ ಹೊಂದಲಿಲ್ಲವೆಂದು ಊಟದ ಹೊತ್ತಿಗೆ ಕಂಪನಿಯ ಹುಡುಗಿಯೊಬ್ಬಳು ವಿಡಿಯೋ ಕರೆ ಮಾಡಿದಳು. ಮೀಸೆ ಅರ್ಧ ಅಳಿಸಿತ್ತು. ಸುತ್ತ ಜನ ಮುಗಿಬಿದ್ದಿದ್ದರು. ಹುಟ್ಟಿದ ದಿನ, ಸಂಬಳ, ಮದುವೆ, ಒಂದೊಂದನ್ನೂ ಗಟ್ಟಿಯಾಗಿ ಹೇಳಿಸಿದಳು.

"ನಿಮ್ಮ ಜೊತೆ ಯಾರಿರ್ತಾರೆ ಸರ್?"

"ಯಾರೂ ಇಲ್ಲ."

"ತುರ್ತು ಅಂತಾದ್ರೆ ಯಾರಿಗೆ ತಿಳಿಸ್ಬೇಕು?"

ಪಾಪು ಯೋಚಿಸಿದ. ನೆನಪಾದದ್ದು ಒಬ್ಬರೇ, ಅವರ ಹೆಸರು ಅವನಿಗೆ ಗೊತ್ತಿರಲಿಲ್ಲ. "ಖಾಲಿ ಬಿಡಮ್ಮಾ" ಎಂದ. ಮೇಸ್ತ್ರಿ ಏನೂ ಕೆಟ್ಟಿರದ ಮೋಟರನ್ನು ಬಗ್ಗಿ ಪರೀಕ್ಷಿಸತೊಡಗಿದರು.

ಸ್ವಲ್ಪ ಹೊತ್ತಿನಲ್ಲೇ ಅವನ ವಯಸ್ಸು ದೃಢಪಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಾಪು ಮೂಲೆಗೆ ಸರಿದು ಆ್ಯಪ್ ತೆರೆದ. ಅವನಿನ್ನೂ ಮಕ್ಕಳ ವಿಭಾಗದಲ್ಲಿದ್ದಾಗಲೇ ಹಳೇ ಛತ್ರಿಯಿಂದ ಸಂದೇಶ ಬಂದಿತ್ತು.

"ನಿಮ್ಮನ್ನ ಮಕ್ಕಳ ಕಡೆಗೆ ಹಾಕಿದಾರೆ ಅಂತ ಆ್ಯಪ್ ಹೇಳ್ತು. ಪಾಪ, ಒಬ್ಬರೇ ಅಲ್ಲಿ ಏನು ಮಾಡ್ತೀರಿ? ಅದಕ್ಕೆ ನನಗೂ ಹನ್ನೆರಡೇ ವರ್ಷ ಅಂತ ಬರೆದೆ. ಚಿಕ್ಕವಳು ಅಂದ್ರೆ ಯಾರೂ ಏನೂ ಕೇಳಲ್ಲ ನೋಡಿ, ತಕ್ಷಣ ಒಳಗೆ ಬಿಟ್ಟರು. ಬಂದಿದೀನಿ. ನೀವೆಲ್ಲಿ?"

ಅದರ ಕೆಳಗೆ ಆ್ಯಪಿನ ಸೂಚನೆಯಿತ್ತು: ತಾವು ಈಗ ವಯಸ್ಕರಾದ್ದರಿಂದ ಈ ಬಾಲಕಿಯೊಡನೆ ಮಾತನಾಡುವಂತಿಲ್ಲ. ಯಾರೇ ಆಗಲಿ, ವಯಸ್ಸನ್ನು ಒಮ್ಮೆ ಮಾತ್ರ ಬದಲಿಸಬಹುದು.

"ಏನಂತೆ ಪಾಪು?" ಮೇಸ್ತ್ರಿ ದೂರದಿಂದಲೇ ಕೇಳಿದರು.

"ದೊಡ್ಡವನಾದೆನಂತೆ" ಎಂದ ಪಾಪು.