ಪುರಸಭೆಯ ಹಿಂದಿನ ಮನೆ

ಹೆಗಲಿಗೆ ಟವೆಲ್ ಹಾಕಿಕೊಂಡು ಪುರಸಭೆಯ ಬಜೆಟ್ ಗುಮಾಸ್ತ ತನ್ನದೇ ಮನೆಯ ಟಾಯ್ಲೆಟ್ಟಿನ ಮುಂದೆ ಸರದಿಯಲ್ಲಿ ನಿಂತಿದ್ದ. ಒಳಗೆ ಟೈಪಿಸ್ಟ್ ಮೇಡಂ. ಅವರ ನಂತರ ಕಸ ಗುಡಿಸುವ ಅಕ್ಕ. ಆಮೇಲೆ ನೀರಿನ ಬಿಲ್ಲು ಕಟ್ಟಲು ಬಂದ, ಗುರುತೇ ಇಲ್ಲದ ಒಬ್ಬ ಅಜ್ಜಿ.

ಪುರಸಭೆಯ ಕಟ್ಟಡ ಕಟ್ಟಿದ ಪುಣ್ಯಾತ್ಮರು ಗಂಡಸರಿಗೊಂದು ಶೌಚಾಲಯ ಕಟ್ಟಿ ಸುಮ್ಮನಾಗಿದ್ದರು. ಹೆಂಗಸರೂ ಕಚೇರಿಗೆ ಬರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಕಚೇರಿಯ ಬೆನ್ನಿಗೇ ಗುಮಾಸ್ತನ ಮನೆ. ಅವನ ಹೆಂಡತಿ ಒಮ್ಮೆ ಯಾರಿಗೋ ಪಾಪ ಎಂದು ಬಾಗಿಲು ತೆರೆದದ್ದೇ ತಡ, ಆಮೇಲೆ ಅದನ್ನು ಮುಚ್ಚಲಾಗಲಿಲ್ಲ. ಕಚೇರಿಯದ್ದಕ್ಕೆ ಹೋಗೋಣವೆಂದರೆ ಗುಮಾಸ್ತನಿಗೆ ಸ್ವಂತ ಮನೆಯಲ್ಲದೆ ಬೇರೆಲ್ಲೂ ಆಗದು. ಹುಟ್ಟುಗುಣ, ಏನು ಮಾಡುವುದು.

"ಇವತ್ತು ಬಜೆಟ್ ಸಭೆ ಕಣೇ. ಹೆಂಗಸರಿಗೊಂದು ಶೌಚಾಲಯ ಹಾಕಿಸೇ ಬಿಡ್ತೀನಿ," ಎಂದ, ಕಾಲು ಬದಲಿಸುತ್ತ.

"ಹೋದ ವರ್ಷಾನೂ ಹಾಗೇ ಅಂದ್ರಿ. ಅಧ್ಯಕ್ಷರ ಕುರ್ಚಿಗೆ ಹೊಸ ಮೆತ್ತೆ ಹಾಕಿಸಿ ಬಂದ್ರಿ," ಎಂದಳು ಹೆಂಡತಿ.

"ಇದು ಸಮಾನತೆಯ ಪ್ರಶ್ನೆ."

"ನಿಮ್ಮ ಹೊಟ್ಟೆಯ ಪ್ರಶ್ನೆ."

ಅವನ ಸರದಿ ಬರುವ ಮೊದಲೇ ಸಭೆಯ ಹೊತ್ತಾಯಿತು. ಹೊಟ್ಟೆ ಹಿಡಿದುಕೊಂಡೇ ಹೋದ. ಸಭೆಯಲ್ಲಿ ಮೆಲ್ಲಗೆ ವಿಷಯ ತೆಗೆದ.

"ಯಾವ ಹೆಂಗಸೂ ಇಲ್ಲೀವರೆಗೆ ದೂರು ಕೊಟ್ಟಿಲ್ಲವಲ್ರೀ," ಎಂದರು ಅಧ್ಯಕ್ಷರು.

"ಇವರ ಮನೆ ಇದೆಯಲ್ಲ ಸಾರ್," ಎಂದರು ಮುಖ್ಯಾಧಿಕಾರಿ. ಗುಮಾಸ್ತ ಗಾಳಿ ಹೋದ ಟೈರಿನಂತೆ ಕೂತುಬಿಟ್ಟ.

ಸಾರ್ವಜನಿಕರ ಸಲಹೆ ಕೇಳುವ ಹೊತ್ತಿಗೆ ಬಾಗಿಲು ತೆರೆಯಿತು. ಮುಂದೆ ಅವನ ಹೆಂಡತಿ. ಹಿಂದೆ ಟೈಪಿಸ್ಟ್ ಮೇಡಂ, ಕಸ ಗುಡಿಸುವ ಅಕ್ಕ, ಆ ಅಜ್ಜಿ, ಇನ್ನೂ ಎಷ್ಟೋ ಜನ. ಎಲ್ಲ ಗುಮಾಸ್ತ ತನ್ನ ಜಗಲಿಯಲ್ಲಿ ನೋಡಿದ ಮುಖಗಳೇ.

"ಸರದಿ ಕಾಯ್ತಾ ನಿಮ್ಮ ಬಜೆಟ್ ಓದಿದ್ವಿ ಸಾರ್," ಎಂದಳು ಹೆಂಡತಿ, ದನಿ ಎತ್ತರಿಸದೆ. "ದೀಪದ ಕಂಬ ದೊಡ್ಡ ರಸ್ತೆಗಿದೆ, ಕಾರು ಓಡೋ ಕಡೆ. ಕೆಲಸ ಮುಗಿಸಿ ನಾವು ಕತ್ತಲಲ್ಲಿ ನಡೆಯೋ ಓಣಿಗಿಲ್ಲ. ಮೈದಾನ ಇದೆ, ಅಲ್ಲಿ ಹುಡುಗೀರಿಗೆ ಜಾಗ ಇಲ್ಲ. ತೆರಿಗೆ ತಗೊಳ್ಳೋವಾಗ ನಾವು ಕಣ್ಣಿಗೆ ಬೀಳ್ತೀವಿ, ಖರ್ಚು ಮಾಡೋವಾಗ ಬೀಳಲ್ಲ. ಈ ಮೇಡಂ ನಮ್ಮನೆ ಬಾಗಿಲು ಕಾಣೋವರೆಗೆ, ವರ್ಷಗಟ್ಟಲೆ, ಸಂಜೆತನಕ ನೀರೇ ಕುಡೀದೆ ಟೈಪ್ ಮಾಡಿದ್ದಾರೆ. ನೀವು ಒಂದು ದಿನ ಮಾಡಿ ನೋಡಿ."

ಅಧ್ಯಕ್ಷರು ಮುಂದಿದ್ದ ನೀರಿನ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

ಟೈಪಿಸ್ಟ್ ಮೇಡಂ ಗುಮಾಸ್ತನ ಪಕ್ಕದ ಮೇಜಿನಲ್ಲೇ ಕೂರುವವರು. ಅವರಿಗೆ ಬಾಯಾರಿಕೆಯೇ ಆಗುವುದಿಲ್ಲವೆಂದು ಅವನು ತಿಳಿದಿದ್ದ. ಇನ್ನು ಹೆಂಡತಿ. ಬೆಟ್ಟದ ಬುಡದಲ್ಲೇ ಮನೆ ಮಾಡಿಕೊಂಡು ಇಷ್ಟು ವರ್ಷ ತಲೆ ಎತ್ತಿ ನೋಡದವನಂತಾದ ಅವನು. ತನ್ನ ಹೊಟ್ಟೆ ನೋವಿನ ನೆನಪೂ ಅವನಿಗೆ ಆಗ ಬರಲಿಲ್ಲ.

"ಇದಕ್ಕೆಲ್ಲ ದುಡ್ಡೆಲ್ಲಿದೆ ರೀ?" ಎಂದು ಅಧ್ಯಕ್ಷರು ಇವನತ್ತ ತಿರುಗಿದರು.

"ಇದೆ ಸಾರ್," ಎಂದ. ತನ್ನ ದನಿ ಅವನಿಗೇ ಹೊಸದೆನಿಸಿತು. "ಗೇಟಿನ ಮುಂದೆ ಕಮಾನು ಕಟ್ಟೋಕೆ ಇಟ್ಟಿದ್ದೀವಲ್ಲ, ಅದು."

ಓಣಿಯ ದೀಪ, ಹುಡುಗಿಯರ ಮೈದಾನ, ಶೌಚಾಲಯ, ಎಲ್ಲಕ್ಕೂ ಒಪ್ಪಿಗೆ ಸಿಕ್ಕಿತು.

"ಕಟ್ಟಿ ಮುಗಿಸೋಕೆ ವರ್ಷವಾದ್ರೂ ಬೇಕಮ್ಮ. ಅಲ್ಲೀತನಕ?" ಎಂದರು ಅಧ್ಯಕ್ಷರು.

"ಅಲ್ಲೀತನಕ ಗಂಡಸರದ್ದನ್ನ ನಮಗೆ ಬಿಟ್ಟುಕೊಡಿ. ಇವತ್ತಿಂದಲೇ."

ಗುಮಾಸ್ತ ಎದ್ದು ನಿಂತು, ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದ. ಅವನ ಮನೆ ಅವನಿಗೆ ವಾಪಸು ಸಿಕ್ಕಿತ್ತು.

ಸಭೆಯ ನಡವಳಿ ಬರೆದು ಮುಗಿಸುವಷ್ಟರಲ್ಲಿ ಹೊಟ್ಟೆ ಮತ್ತೆ ತಕರಾರು ತೆಗೆಯಿತು. ಅರ್ಧ ನಡೆದು ಅರ್ಧ ಓಡಿ ಮನೆ ಸೇರಿದ. ಜಗಲಿಯ ಮೇಲೆ ಮುಖ್ಯಾಧಿಕಾರಿ, ಜೀಪಿನ ಡ್ರೈವರ್, ನಾಲ್ಕೈದು ಮಂದಿ ಸದಸ್ಯರು ಒಬ್ಬರ ಹಿಂದೊಬ್ಬರು ನಿಂತಿದ್ದರು.

"ಒಳಗೆ ಯಾರು?" ಎಂದ, ದನಿ ಉಡುಗಿ.

"ಅಧ್ಯಕ್ಷರು," ಎಂದಳು ಹೆಂಡತಿ. "ಗಂಡಸರು ಎಲ್ಲಿಗೆ ಹೋಗೋದು ಅಂತ ಕೇಳಿದ್ರು, ನಮ್ಮನೆ ಇದೆಯಲ್ಲ ಅಂದೆ. ಚಪ್ಪಾಳೆ ಗದ್ದಲದಲ್ಲಿ ನಿಮಗೆ ಕೇಳಿಸಲಿಲ್ಲ. ಹೆಂಗಸರು ಇಷ್ಟು ವರ್ಷ ಸುಧಾರಿಸಿಕೊಂಡಿಲ್ವಾ? ಹೋಗಿ, ಅವರ ಹಿಂದೆ ನಿಂತ್ಕೊಳ್ಳಿ."